ಪಿಟೀಲಿನೊಳಗಿನ ಕರೀಮುನ್ನೀಸಾ

ಡಾಬಕಾದ ಮನ್ಮಥಪ್ಪನವರು ತೀರಿಕೊಂಡು ಕಾರ್ಯಗಳೆಲ್ಲ ಮುಗಿದ ಮರುದಿನ, ಅವರ ಮನೆಯ ಸಾಮಾನುಗಳ ಮೇಲೆ ಬಂಧುಗಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಮಕ್ಕಳಿಲ್ಲದ ಮನೆ. ಔರಾದದಲ್ಲಿದ್ದ ತಂಗಿಯ ಮಗ "ಮಾಮಾನ ನೆನಪಿಗಿರ್ಲಿ" ಎಂದು ತಾಮ್ರದ ಹಂಡೆಯನ್ನು ಹೆಗಲಿಗೇರಿಸಿದ. ಅವನ ತಮ್ಮನಿಗೆ ಹಂಡೆಯಷ್ಟು ದೊಡ್ಡ ನೆನಪು ಬೇರೆ ಕಾಣಲಿಲ್ಲವಾಗಿ, ಮಂಚವನ್ನೇ ಬಿಚ್ಚಿ ಬಂಡಿಗೆ ಹೇರಿದ. ಮನ್ಮಥಪ್ಪನವರ ಅಣ್ಣನ ಮಗ, ಭಾಲ್ಕಿಯ ಮಡೆಪ್ಪ, ಮಾತ್ರ ಏನನ್ನೂ ಕೇಳದೆ ಗೋಡೆಗೆ ಒರಗಿ ಕೂತಿದ್ದ. ಅವನು ಮರ್ಯಾದಸ್ಥ. ಮರ್ಯಾದಸ್ಥರಿಗೆ ಲೋಕದಲ್ಲಿ ಸಿಗುವುದೇ ಅವನಿಗೂ ಸಿಕ್ಕಿತು: ಉಳಿದವರು ಬೇಡವೆಂದು ಬಿಟ್ಟದ್ದು.

ಅದು ಒಂದು ಹಳೆಯ ಪಿಟೀಲು. ಹರೆಯದಲ್ಲಿ, ಹೊಸದಾಗಿ ಮದುವೆಯಾಗಿದ್ದಾಗ, ಮನ್ಮಥಪ್ಪನವರು ಸಿಕಂದರಾಬಾದಿನಲ್ಲಿ ಕೆಲಕಾಲ ನೌಕರಿ ಮಾಡಿದ್ದರು. ಬರುವಾಗ ತಂದ ಆಸ್ತಿ ಇದೊಂದೇ. ಅವರ ಹೆಂಡತಿ ಸುಂದರಬಾಯಿ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಡೆಪ್ಪನ ತೊಡೆಯ ಮೇಲಿಟ್ಟಳು.

"ಒಯ್ಯಿ ಮಡೆಪ್ಪಾ. ಇಲ್ಲಿದ್ರ ಇಲಿ ತಿಂತಾವ."

ಮಡೆಪ್ಪನಿಗೆ ಭಾಲ್ಕಿಯ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ಯಾರು ಕೊನೆಗೆ ಮಾತಾಡುತ್ತಾರೋ ಅವರ ಮಾತನ್ನು ನಂಬಿಬಿಡುವ ಒಂದು ರೋಗವಿತ್ತು. ಇದನ್ನು ಬಲ್ಲ ಹೆಂಡತಿ ಕಸ್ತೂರಿಬಾಯಿ ಯಾವಾಗಲೂ ಎಲ್ಲರ ಮಾತೂ ಮುಗಿದ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ಅಂದು ಆಕೆ ಬಾಗಿಲಲ್ಲೇ ಕಾದಿದ್ದಳು.

"ಹಂಡೆ ಎಲ್ಲದ್ರಿ?"

"ಔರಾದದವರು ಒಯ್ದ್ರು."

"ಮಂಚ?"

"ಅದೂ ಅವರೇ ಒಯ್ದ್ರು."

"ಮತ್ತ ನೀವೇನು ತಂದೀರಿ?"

ಮಡೆಪ್ಪ ಗಂಟು ಬಿಚ್ಚಿದ. ಕಸ್ತೂರಿಬಾಯಿ ಪಿಟೀಲನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು. "ಇದರಾಗ ನೀರು ಕಾಸಲಾಕ ಬರ್ತದೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಪಕ್ಕದ ಮನೆಯಲ್ಲಿ ಗುರುನಾಥರಾವ ಎಂಬ ವಕೀಲರಿದ್ದರು. ಊರಲ್ಲಿ ದಾವೆಗಳು ಕಡಿಮೆಯಾದಾಗ ಅವರು ನೆರೆಮನೆಗಳಿಗೆ ಬಂದು ಕೂರುತ್ತಿದ್ದರು, ಆಗ ದಾವೆಗಳು ಮತ್ತೆ ಹೆಚ್ಚುತ್ತಿದ್ದವು. ಅವರು ಪಿಟೀಲನ್ನು ಕೈಗೆತ್ತಿಕೊಂಡು, ಅದರ ಎದೆಯ ಮೇಲೆ ಹಾವು ಹೊರಳಿದಂತಿದ್ದ ಸೀಳಿಗೆ ಕಣ್ಣು ಹಚ್ಚಿದರು.

"ಒಳಗ ಒಂದು ಚೀಟಿ ಅಂಟಸ್ಯಾರ," ಅಂದರು. "ಛಾಪಾ ಅಕ್ಷರ. ಮಡೆಪ್ಪನೋರೆ, ನಿಮ್ಮ ದೈವ ತೆರೀತು. ಚೀಟಿ ಇಲ್ಲದ್ದು ಬಡಿಗ್ಯಾ ಮಾಡಿದ್ದು. ಚೀಟಿ ಇದ್ದದ್ದು ಉಸ್ತಾದ ಮಾಡಿದ್ದು. ದಸ್ತಾವೇಜು ಇದ್ದಂಗ. ಇದು ಅಸಲಿ ವಿಲಾಯತಿ ಮಾಲು."

"ಖರೇನಾ?"

"ನಾ ವಕೀಲಾ ಇದ್ದೀನಿ," ಎಂದು ಗುರುನಾಥರಾವ ಹೇಳಿದರು. ಅದು ಪ್ರಶ್ನೆಗೆ ಉತ್ತರವಲ್ಲವೆಂದು ಮಡೆಪ್ಪನಿಗೆ ಹೊಳೆಯಲಿಲ್ಲ.

ಕಸ್ತೂರಿಬಾಯಿ ಒಳಗಿನಿಂದಲೇ ಕೇಳಿದಳು: "ಅಲ್ರೀ, ಅಂಗಡ್ಯಾಗಿನ ಅರಿಬಿ ಥಾನಿನ ಮ್ಯಾಲೂ ಚೀಟಿ ಇರ್ತಾವ. ರಾಣಿ ಚಿತ್ರದ ಚೀಟಿ ಕಿತ್ತು ಹಲ್ಕಾ ಅರಿಬಿಗಿ ಅಂಟಸೂದು ಯಾರು?"

"ಅದು ವ್ಯಾಪಾರ," ಎಂದ ಮಡೆಪ್ಪ ಗಂಭೀರವಾಗಿ. "ಇದು ಸಂಗೀತ."

ಅಂದಿನಿಂದ ಪಿಟೀಲು ಅಂಗಡಿಯ ಗಾದಿಯ ಮೇಲೆ ಬಂದು ಕೂತಿತು. ಧೋತರ ಕೊಳ್ಳಲು ಬಂದವರು ಮೊದಲು ಸೀಳಿನೊಳಗೆ ಇಣುಕಿ, ಚೀಟಿ ಕಂಡಿತೆಂದು ಒಪ್ಪಿಕೊಂಡು, ಆಮೇಲೆ ಧೋತರ ಕೇಳಬೇಕಾಗಿತ್ತು. ಕಾಣಲಿಲ್ಲ ಎಂದವರಿಗೆ ಮಡೆಪ್ಪ ಮತ್ತೆ ತೋರಿಸುತ್ತಿದ್ದ. ಹಾಗಾಗಿ ಏನೂ ಕಾಣದವರೂ ಕಂಡಿತೆನ್ನತೊಡಗಿದರು. ಬರಬರುತ್ತ ಅಸಲಿ ನಕಲಿ ಗುರುತಿಸುವವನೆಂದು ಅವನಿಗೆ ಹೆಸರೇ ಬಂತು. ಒಬ್ಬ ಗಡಿಯಾರ ತಂದ, ಒಬ್ಬ ಅತ್ತರಿನ ಬಾಟಲಿ ತಂದ, ಪಟೇಲರ ಮನೆಯ ಮುದುಕಿಯೊಬ್ಬಳು ಸೊಸೆಯ ನತ್ತನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಬಂದಳು. ಮಡೆಪ್ಪ ಎಲ್ಲವನ್ನೂ ತಿರುಗಿಸಿ ನೋಡಿ "ಚೀಟಿ ಎಲ್ಲದ?" ಎಂದು ಕೇಳುತ್ತಿದ್ದ. ನತ್ತಿಗೆ ಚೀಟಿ ಇರಲಿಲ್ಲ. ಮುದುಕಿ ಮನೆಗೆ ಹೋಗಿ ಸೊಸೆಯ ತವರಿನವರೊಂದಿಗೆ ಜಗಳ ತೆಗೆದಳು.

ಹೀಗೆ ಹತ್ತು ತಿಂಗಳು ನಡೆದಿರುವಾಗ ಕಮಲನಗರದ ಕಡೆಯ ಯಾರೋ ಗಿರಾಕಿ, "ಚೀಟ್ಯಾಗ ಏನು ಬರದದ್ರಿ?" ಎಂದು ಕೇಳಿಬಿಟ್ಟ. ಮಡೆಪ್ಪ ಪಿಟೀಲು ಹಿಡಿದು ವಕೀಲರ ಬಳಿಗೆ ಓಡಿದ. ಗುರುನಾಥರಾವರಿಗೆ ಮರಾಠಿ ಬರುತ್ತಿತ್ತು, ಉರ್ದು ಬರುತ್ತಿತ್ತು, ಮೋಡಿ ಲಿಪಿಯೂ ಬರುತ್ತಿತ್ತು. ಇಂಗ್ಲಿಷಿನಲ್ಲಿ ತಮ್ಮ ಸಹಿಯ ಹೊರತು ಮತ್ತೇನೂ ಬರುತ್ತಿರಲಿಲ್ಲ, ಅದನ್ನೂ ಅವರು ಬರೆಯುತ್ತಿದ್ದರೇ ಹೊರತು ಓದುತ್ತಿರಲಿಲ್ಲ. "ಬೀದರಕ್ಕ ಹೋಗ್ರಿ," ಅಂದರು. "ಅಲ್ಲಿ ಜಹೀರೋದ್ದೀನ ಸಾಬ್ರು ಇದ್ದಾರ. ಕಚೇರ್ಯಾಗ ತರ್ಜುಮಾ ಮಾಡ್ತಾರ. ಅಂಗ್ರೇಜಿ ಅವರಿಗಿ ನೀರು ಕುಡದಂಗ."

ಮಡೆಪ್ಪ ಅಂಗಡಿಗೆ ಬೀಗ ಹಾಕಿ ಟಾಂಗಾ ಹತ್ತಿದ.

ಜಹೀರೋದ್ದೀನ ಸಾಹೇಬರು ಕಚೇರಿಯಲ್ಲಿ ತಲೆ ನರೆಸಿಕೊಂಡವರು. ಆಯುಷ್ಯವೆಲ್ಲ ಒಂದೇ ಒಂದು ತಪ್ಪನ್ನೂ ಮಾಡಿರಲಿಲ್ಲ, ಯಾಕೆಂದರೆ ಯಾವ ಮಾತಿಗೂ ಹೌದೆಂದೂ ಅಲ್ಲವೆಂದೂ ಹೇಳಿರಲಿಲ್ಲ. ಅವರು ಕನ್ನಡಕ ಏರಿಸಿ, ಕೈಗನ್ನಡಿಯಿಂದ ಬಿಸಿಲನ್ನು ಸೀಳಿನೊಳಗೆ ಹಾಯಿಸಿ, ಒಂದೊಂದೇ ಅಕ್ಷರವನ್ನು ಹೆಕ್ಕಿ ಓದಿದರು.

"ಅಂತೋನಿಯುಸ್," ಅಂದರು. ಸ್ವಲ್ಪ ತಡೆದು, "ಸ್ತ್ರಾದಿವಾರಿಯುಸ್. ಕ್ರೆಮೋನೆನ್ಸಿಸ್. ಫಾಸಿಯೆಬಾತ್. ಅನ್ನೋ. ಮುಂದ ಹದಿನೇಳು ಅಂತ ಅಂಕಿ ಅದ. ಅದರ ಮುಂದ ಖಾಲಿ."

"ಅಂದ್ರ ಏನ್ರಿ ಸಾಬ್?"

"ಅಕ್ಷರ ಅಂಗ್ರೇಜಿ. ಮಾತು ಅಂಗ್ರೇಜಿ ಅಲ್ಲ."

"ಮತ್ತ ಯಾವುದು?"

"ಅದು ನಾ ಹ್ಯಾಂಗ ಹೇಳಲಿ?" ಸಾಹೇಬರು ಮತ್ತೊಮ್ಮೆ ಇಣುಕಿದರು. "ಆದರ ಈ ಕ್ರೆಮೋನೆನ್ಸಿಸ್ ಅಂಬೂದು ಕರೀಮುನ್ನೀಸಾ ಇರಬೇಕು. ಗೋರಾ ಮಂದಿಗಿ ನಮ್ಮ ಹೆಸರು ಬರೀಲಾಕ ಬರಲ್ಲ. ನಮ್ಮ ಬೀದರಕ್ಕೇ ಬೇಡರ್ ಅಂತ ಬರೀತಾರ."

"ಕರೀಮುನ್ನೀಸಾ," ಎಂದ ಮಡೆಪ್ಪ. "ಹೆಣಮಗಳು?"

"ಗಂಡಸರಿಗಿ ಆ ಹೆಸರು ಇಡಲ್ಲ. ನೌಬಾದದಾಗ ಒಬ್ಬರು ಕರೀಮುನ್ನೀಸಾ ಬೇಗಂ ಇದ್ರು. ತೀರ್ಕೊಂಡಾರ. ತಂಗಿ ಮರಿಯಮಬೀ ಇದ್ದಾರ." ಇಷ್ಟು ಹೇಳುತ್ತಿದ್ದಂತೆ ಸಾಹೇಬರ ತುಟಿಗಳು ಇನ್ನೊಂದು ಪದವನ್ನು ಮೆಲುಕು ಹಾಕತೊಡಗಿದವು. "ಫಾಸಿಯೆಬಾತ್. ಫಾಸಿ... ಫಾಸೀ ಕೀ ಬಾತ್."

ಅವರು ಎದ್ದು ಹೋಗಿ ಮುಂಬಾಗಿಲು ಹಾಕಿದರು.

"ಇದು ಗಲ್ಲಿನ ಮಾತು ಇದ್ದಂಗ ಅದ. ನೋಡ್ರಿ, ನಾ ಇದು ಓದಿಲ್ಲ. ನೀವು ನನ್ನ ಮನಿಗಿ ಬಂದಿಲ್ಲ. ಮರಿಯಮಬೀ ಮಾತೂ ನಾ ಹೇಳಿಲ್ಲ."

"ಅದೆಲ್ಲಾ ಇರ್ಲಿ ಸಾಬ್. ಪಿಟೀಲು ಅಸಲಿ ಹೌದೋ ಅಲ್ಲೋ, ಅಷ್ಟು ಹೇಳ್ರಿ."

"ಫಾಸಿ ಅಸಲಿ ಇದ್ರ, ಪಿಟೀಲು ಅಸಲಿ ಇದ್ದು ಏನು ಫಾಯದಾ?" ಎಂದು ಸಾಹೇಬರು ಕೇಳಿದರು. ಬಂದೇ ಇಲ್ಲದ ಅತಿಥಿಯನ್ನು ಹಿತ್ತಲ ಬಾಗಿಲಿನಿಂದ ಸಾಗಹಾಕಿದರು.

ಮಡೆಪ್ಪ ಆ ಪದಗಳನ್ನು ಮರೆಯಬಾರದೆಂದು ಟಾಂಗಾದಲ್ಲಿ ಮಂತ್ರದಂತೆ ಜಪಿಸುತ್ತ ಬಂದ. ರಸ್ತೆಯ ತುಂಬ ಕುಣಿಗಳು. ಪ್ರತಿ ಕುಣಿಗೂ ಒಂದೊಂದು ಅಕ್ಷರ ಉದುರಿತು, ಒಂದೊಂದು ಕೂಡಿತು. ಟಾಂಗಾದವನಿಗೂ ಬಾಯಿಪಾಠವಾಗಿ, ಮಡೆಪ್ಪ ತಪ್ಪಿದಲ್ಲಿ ಅವನು ತಿದ್ದಿದ. ಭಾಲ್ಕಿಯ ಅಗಸಿ ಬಾಗಿಲಲ್ಲಿ ಇಳಿಯುವಾಗ ಮಂತ್ರ ಈ ರೂಪಕ್ಕೆ ಬಂದು ಗಟ್ಟಿಯಾಗಿತ್ತು: ಅಂತೂ ನೀ, ಸ್ತ್ರೀ ವಾರಿಸ, ಕರೀಮುನ್ನೀಸಾ, ಫಾಸಿ ಬಾತ, ಅಣ್ಣೋ, ಹದಿನೇಳು.

ಗುರುನಾಥರಾವ ಇದನ್ನು ಕೇಳಿ ಕೂತಲ್ಲೇ ನೆಟ್ಟಗಾದರು. ಎಷ್ಟೋ ತಿಂಗಳಿಂದ ಅವರ ಮುಖದಲ್ಲಿ ಇಂಥ ತೇಜಸ್ಸು ಕಂಡಿರಲಿಲ್ಲ.

"ಸ್ತ್ರೀ ವಾರಿಸ. ಅಂದ್ರ ಹೆಣ್ಣು ವಾರಸುದಾರಳು. ಮಡೆಪ್ಪನೋರೆ, ಇದು ಚೀಟಿ ಅಲ್ಲ. ಇದು ಮೃತ್ಯುಪತ್ರ. ಅಂತೂ ನೀನೇ ನನ್ನ ವಾರಿಸ, ಕರೀಮುನ್ನೀಸಾ, ಅಂತ ನಿಮ್ಮ ಕಾಕಾ ಬರಸ್ಯಾರ."

"ಪಿಟೀಲಿನಾಗ ಯಾರರೆ ಮೃತ್ಯುಪತ್ರ ಇಡ್ತಾರೇನ್ರಿ?" ಎಂದಳು ಕಸ್ತೂರಿಬಾಯಿ.

"ಯಾರೂ ಇಡಲ್ಲ ವೈನಿ. ಅದಕ್ಕೇ ಅಲ್ಲಿ ಇಟ್ಟಾರ."

"ಫಾಸಿ?" ಎಂದ ಮಡೆಪ್ಪ.

"ಈ ವಾರಸಿಗಿ ಯಾರು ಅಡ್ಡ ಬರ್ತಾರ, ಅವರಿಗಿ ಗಲ್ಲು. ಹಳಿ ಕಲ್ಲಿನ ಮ್ಯಾಲ ಶಾಪ ಕೊರದಿರ್ತಾರಲ್ಲ, ಹಂಗ."

"ಹದಿನೇಳು?"

"ಎಕರೆ."

"ಕಾಕಾಂದು ಅಷ್ಟು ಹೊಲ ಇಲ್ರಿ."

"ಇಲ್ಲಂದ್ರ ಎಲ್ಲೋ ಇನ್ನೊಂದು ಹೊಲ ಇಟ್ಟಾರ," ಎಂದು ಗುರುನಾಥರಾವ ತೀರ್ಪು ಕೊಟ್ಟರು. "ಇನ್ನೊಂದು ಮನಿ ಇಟ್ಟವರಿಗಿ ಇನ್ನೊಂದು ಹೊಲ ಇಡೂದು ದೊಡ್ಡ ಮಾತೇನು? ಅಣ್ಣೋ ಅಂಬೂದೊಂದು ವಿಚಾರ ಮಾಡಬೇಕು."

ಮಡೆಪ್ಪ ಹೆಂಡತಿಯ ಕಡೆ ನೋಡಿದ. ಈ ಸಲ ಕೊನೆಯ ಮಾತು ಆಕೆಯದಾಗಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಆದರೆ ಒಲೆಯ ಮೇಲೆ ಹಾಲು ಉಕ್ಕಿತು, ಆಕೆ ಎದ್ದು ಹೋದಳು.

ಈ ಸಂಗತಿ ಯಾರಿಗೂ ಗೊತ್ತಾಗಕೂಡದೆಂದು ಮೂವರೂ ತೀರ್ಮಾನಿಸಿದರು. ಟಾಂಗಾದವನನ್ನು ಮಾತ್ರ ಕರೆದು ಹೇಳುವುದು ಮರೆತರು. ಸುದ್ದಿ ಭಾಲ್ಕಿಯಿಂದ ಹೊರಟಾಗ ಕರೀಮುನ್ನೀಸಾ ಬರೀ ಒಂದು ಹೆಸರಾಗಿದ್ದಳು. ಕಮಲನಗರದ ಬಜಾರಿನಲ್ಲಿ ಆಕೆ ಮನ್ಮಥಪ್ಪನವರ ಹೆಂಡತಿಯಾದಳು, ಅದೂ ಮರಾಠಿಯಲ್ಲಿ. ಔರಾದಕ್ಕೆ ಬರುವಷ್ಟರಲ್ಲಿ ಆಕೆಗೊಬ್ಬ ಮಗ ಹುಟ್ಟಿ, ಬೆಳೆದು, ಹೈದರಾಬಾದಿನಲ್ಲಿ ದೊಡ್ಡ ಹುದ್ದೆಗೇರಿ, ಅಪ್ಪನ ಆಸ್ತಿಗೆ ಅಡ್ಡ ಬಂದವರನ್ನು ಗಲ್ಲಿಗೆ ಹಾಕಿಸಲು ಹೊರಟಿದ್ದ. ತಂಗಿಯ ಮಕ್ಕಳು ಹಂಡೆಯನ್ನೂ ಮಂಚವನ್ನೂ ತಾವಾಗಿಯೇ ತಂದು ಡಾಬಕಾದ ಮನೆಯ ಮುಂದೆ ಇಳಿಸಿ, ಮಾತಾಡದೆ ಹೋದರು.

ಮಾರನೆಯ ದಿನ ಸುಂದರಬಾಯಿ ಒಂದು ಬಟ್ಟೆಗಂಟಿನೊಂದಿಗೆ ಭಾಲ್ಕಿಯಲ್ಲಿ ಬಂಡಿಯಿಂದ ಇಳಿದಳು. ಕೊಟ್ಟ ನೀರು ಕುಡಿಯಲಿಲ್ಲ. ಹಾಸಿದ ಚಾಪೆಯ ಮೇಲೆ ಕೂರಲಿಲ್ಲ.

"ಎಲ್ಲಾಳ ಆಕಿ?"

"ಯಾರು ಕಾಕು?" ಎಂದ ಮಡೆಪ್ಪ.

"ನನ್ನ ಸವತಿ."

"ಹಂಗೇನಿಲ್ಲ ಕಾಕು. ಬರೇ ಒಂದು ಚೀಟಿ."

"ಚೀಟಿ ಬರಸಿ ಎದಿ ಮ್ಯಾಲ ಇಟ್ಕೊಂಡು ಕೂಡ್ತಿದ್ರು, ದಿನಾ, ನನ್ನ ಕಣ್ಣ ಮುಂದ. ನಾ ಅದರ ಧೂಳ ಒರಸ್ತಿದ್ದೆ ಮಡೆಪ್ಪಾ. ಮುಂಜಾನಿ ದೇವರ ಜಗಲಿ ಒರಸಿದ್ದೇ ಅರಿಬಿಲಿಂದ ಒರಸ್ತಿದ್ದೆ."

ಗಂಡ ಸತ್ತಾಗಲೂ ಸುಂದರಬಾಯಿ ಇಷ್ಟು ಸೋತು ಕಂಡಿರಲಿಲ್ಲ. ಆಗ, ದನಿ ಕೇಳಿ ಪಕ್ಕದ ಮನೆಯಿಂದ ಬಂದಿದ್ದ ಗುರುನಾಥರಾವ ತಾವು ವಿಚಾರ ಮಾಡಿಟ್ಟುಕೊಂಡಿದ್ದ ಮಾತನ್ನು ಹೊರತೆಗೆದರು.

"ಬಾಯಿ, ಸಮಾಧಾನ ಮಾಡ್ಕೋರಿ. ಆ ಚೀಟ್ಯಾಗ 'ಅಣ್ಣೋ' ಅಂತ ಅದ. ಅಣ್ಣಾ ಅಂದಾಕಿ ತಂಗಿ ಆದ್ಲು. ಕಾನೂನಿನ ಪ್ರಕಾರ ಆಕಿ ನಿಮಗ ಸವತಿ ಅಲ್ಲ, ನಾದಿನಿ."

ಸುಂದರಬಾಯಿ ಅವರನ್ನು ದಿಟ್ಟಿಸಿ ನೋಡಿದಳು. "ಅಂದ್ರ ನನಗ ಇನ್ನೊಬ್ಬಾಕಿ ನಾದಿನಿ ಇದ್ಲು, ಅದೂ ಹೇಳಿಲ್ಲ. ಸವತಿ ಆಗಿದ್ರ ಜಗಳರೆ ಆಡ್ತಿದ್ದೆ. ನಾದಿನಿ ಅಂದ್ರ ಸೀರಿ ಉಡಸಬೇಕು."

ಗುರುನಾಥರಾವ ಮೆಲ್ಲಗೆ ಮಡೆಪ್ಪನ ಹಿಂದೆ ಸರಿದರು.

"ಕೇಳು ಮಡೆಪ್ಪಾ," ಎಂದಳು ಸುಂದರಬಾಯಿ. "ಮುಂದಿನ ತಿಂಗಳು ಅವರ ವರ್ಷದ ಪುಣ್ಯತಿಥಿ. ಅಯ್ಯನೋರಿಗಿ ಹೇಳಿಟ್ಟೀನಿ. ಇದು ಖರೇ ಏನು ಸುಳ್ಳೇನು ಗೊತ್ತಾಗೂತನಾ ನಾ ಮಾಡಂಗಿಲ್ಲ. ಆ ಕರೀಮುನ್ನೀಸಾನೇ ಮಾಡ್ಲಿ."

ಸತ್ತ ಕಾಕಾನ ಪುಣ್ಯತಿಥಿ ನಿಲ್ಲುವುದೆಂದರೆ ಇಡೀ ಮನೆತನದ ಮುಖಕ್ಕೆ ಮಸಿ. ಮಡೆಪ್ಪ ಪಿಟೀಲಿನ ಕಡೆ ನೋಡಿದ. ಇದರ ಬದಲು ಹಂಡೆಯನ್ನೇ ಕೇಳಬೇಕಿತ್ತು ಎಂದು ಅವನಿಗೆ ಆಗ ಅನ್ನಿಸಿತು.

ಮರಿಯಮಬೀಯನ್ನೇ ಕೇಳುವುದೆಂದು ನೌಬಾದಕ್ಕೆ ಹೊರಟ ಬಂಡಿಯಲ್ಲಿ ಸುಂದರಬಾಯಿ ಇದ್ದಳು, ಮಡೆಪ್ಪ ಇದ್ದ. ಮುದುಕಿಯನ್ನು ಒಬ್ಬಳನ್ನೇ ಕಳಿಸುವುದು ಚೆನ್ನಾಗಿರುವುದಿಲ್ಲವೆಂದು ಕಸ್ತೂರಿಬಾಯಿ ಇದ್ದಳು; ಜೊತೆಗಿದ್ದ ಗಂಡನನ್ನು ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಕ್ಷಿದಾರರು ಯಾರೆಂದು ಇನ್ನೂ ನಿಶ್ಚಯವಾಗದಿದ್ದರೂ ವಕೀಲರು ಇದ್ದರು. ದಾರಿಯುದ್ದಕ್ಕೂ ಸುಂದರಬಾಯಿ ಕಾಣದ ಕರೀಮುನ್ನೀಸಾಳನ್ನು ಬೈದಳು. ಬೈಗುಳ ಮುಗಿದಾಗ ಗಂಡನನ್ನು ಬೈದಳು. ಗಂಡನನ್ನು ಬೈಯುವಾಗ ಮಾತ್ರ ನಡುನಡುವೆ ನಿಲ್ಲಿಸಿ, ಮೂಗು ಒರೆಸಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಮರಿಯಮಬೀ ನೌಬಾದದ ತನ್ನ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಸುಂದರಬಾಯಿಯ ವಯಸ್ಸಿನವಳೇ, ಅದೇ ಗಟ್ಟಿ ದನಿ.

"ಕರೀಮುನ್ನೀಸಾ ನಿಮ್ಮಕ್ಕಾ ಹೌದಿಲ್ರಿ?" ಎಂದು ಕೇಳಿದಳು ಸುಂದರಬಾಯಿ. "ನಮ್ಮನಿಯವರಿಗಿ ಆಕಿ ಏನಾಗಬೇಕು?"

"ನಿಮ್ಮನಿಯವರು ಯಾರು?"

"ಡಾಬಕಾ ಮನ್ಮಥಪ್ಪನೋರು."

"ಡಾಬಕಾ ಎಲ್ಲದ?"

ಈ ಪ್ರಶ್ನೆಯಿಂದ ಸುಂದರಬಾಯಿ ಸ್ವಲ್ಪ ಸಡಿಲಾದಳು. ಮಡೆಪ್ಪ ಮುಂದೆ ಬಂದು, ಪಿಟೀಲು ತೋರಿಸಿ, ಒಳಗಿನ ಚೀಟಿಯ ವಿಷಯವನ್ನು ಆದಷ್ಟು ಮೃದುವಾಗಿ ಹೇಳಿದ. ಹೇಳುತ್ತ ಹೋದಂತೆ ಮರಿಯಮಬೀಯ ಕೈಯಲ್ಲಿದ್ದ ಮೆಣಸಿನಕಾಯಿಗಳು ಪುಡಿಯಾದವು.

"ನಮ್ಮ ಆಪಾಗ ಬಾಜಾ ಅಂದ್ರ ಆಗ್ತಿರಲಿಲ್ಲ. ನನ್ನ ನಿಖಾದಾಗ ಢೋಲಕ್ ಬಾರಿಸಿದ್ರಂತ ಊಟ ಬಿಟ್ಟು ಎದ್ದು ಹೋಗ್ಯಾಳ. ಜಿಂದಗಿ ಎಲ್ಲಾ ನೌಬಾದ ಬಿಟ್ಟು ಹೊರಗ ಹೋಗಿಲ್ಲ. ಅಂಥಾಕಿ ಹೆಸರು ನೀವು ಪಿಟೀಲಿನಾಗ ಬರದೀರಿ?"

"ನಾವು ಬರದಿಲ್ರಿ," ಎಂದ ಮಡೆಪ್ಪ.

"ಮತ್ಯಾರು ಬರದಾರ?"

"ಅದನ್ನೇ ಕೇಳಲಾಕ ಬಂದೀವ್ರಿ."

"ನಿಮ್ಮ ಮನಿ ಪಿಟೀಲು. ನಮ್ಮ ಮನಿಗಿ ಬಂದು ಕೇಳ್ತೀರಿ."

ಇಬ್ಬರು ಮುದುಕಿಯರೂ ಒಟ್ಟಿಗೆ ಮಡೆಪ್ಪನ ಕಡೆ ತಿರುಗಿದರು. ಗುರುನಾಥರಾವ ಗಂಟಲು ಸರಿಮಾಡಿಕೊಂಡರು.

"ಬೀಬಿ, ಹೆಚ್ಚಿನ ಮಾತು ಬ್ಯಾಡ. ಹದಿನೇಳು ಎಕರೆ ಮ್ಯಾಲಿನ ಹಕ್ಕು ಬಿಟ್ಟೀನಿ ಅಂತ ಒಂದು ಮಾತು ಹೇಳಿಬಿಡ್ರಿ. ಮಾಮಲಾ ಖತಂ."

"ಯಾವ ಹದಿನೇಳು ಎಕರೆ?"

"ಅದು ಎಲ್ಲದ ಅಂತ ಗೊತ್ತಿಲ್ಲ."

"ಗೊತ್ತಿಲ್ಲದ ಹೊಲ ನಾ ಯಾಕ ಬಿಡಲಿ?" ಎಂದಳು ಮರಿಯಮಬೀ. "ಸಿಕ್ಕಮ್ಯಾಲ ಬರ್ರಿ."

ಈ ಉತ್ತರ ಸುಂದರಬಾಯಿಗೆ ಬಹಳ ಹಿಡಿಸಿತು. ಅದುವರೆಗೆ ನಿಂತೇ ಇದ್ದವಳು ಮೆಣಸಿನಕಾಯಿಯ ಪಕ್ಕದಲ್ಲಿ ಕೂತು ತಾನೂ ನಾಲ್ಕು ಹರವಿದಳು. ಇಬ್ಬರೂ ಸೇರಿ, ಓದು ಬಾರದ ಗಂಡಸರು ಏನಾದರೂ ಓದಿದರೆ ಮನೆಗಳು ಹೇಗೆ ಒಡೆಯುತ್ತವೆಂದು ಮಾತಾಡಿಕೊಂಡರು. ಕಸ್ತೂರಿಬಾಯಿ ತನ್ನ ಅನುಭವದ ಮೂರ್ನಾಲ್ಕು ಉದಾಹರಣೆ ಕೊಟ್ಟಳು. ಮಡೆಪ್ಪ ಬಂಡಿಯ ಎತ್ತುಗಳ ಹತ್ತಿರ ಹೋಗಿ ನಿಂತ.

ಕೊನೆಗೆ ಮರಿಯಮಬೀ ಎದ್ದು ಬುರ್ಖಾ ಹಾಕಿಕೊಂಡಳು. "ಬೀದರದಾಗ ಚೌಬಾರಾ ಬುರುಜಿನ ಬಲ್ಲಿ ಬ್ಯಾಂಡಿನ ಸಲಾವೋದ್ದೀನ ಇದ್ದಾನ. ನಮ್ಮ ಮೊಮ್ಮಗಳ ಶಾದಿದಾಗ ಇಂಥಾದ್ದೇ ಬಾರಿಸ್ಯಾನ. ಅವನಿಗಿ ಕೇಳಮು. ನಮ್ಮ ಆಪಾನ ಇಜ್ಜತಿನ ಮಾತು ಅದ, ನಾನೂ ಬರ್ತೇನಿ."

ಸಲಾವೋದ್ದೀನ ಬೀದರಿನ ಮದುವೆಗಳಿಗೆಲ್ಲ ಬ್ಯಾಂಡು ಬಾರಿಸುವವನು. ಮೀಸೆಯನ್ನು ಎಣ್ಣೆ ಹಚ್ಚಿ ಮೇಲಕ್ಕೆ ತಿರುವಿದ್ದ. ಗೋಡೆಯ ಗೂಟಕ್ಕೆ ಹಿತ್ತಾಳೆ ಗುಂಡಿಗಳ ಕೆಂಪು ಕೋಟು ತೂಗುಬಿದ್ದಿತ್ತು. ಬಂದವರು ಮೊದಲು ಅದನ್ನು ನೋಡಲೆಂದು ಕಾದು, ಆಮೇಲೆ ಪಿಟೀಲನ್ನು ಕೈಗೆ ತೆಗೆದುಕೊಂಡ. ಒಳಗೆ ಇಣುಕಿದ.

"ನಕಲಿ," ಅಂದ.

"ಹ್ಯಾಂಗ ಹೇಳ್ತೀರಿ?" ಮಡೆಪ್ಪನಿಗೆ ಇಷ್ಟೆಲ್ಲ ಆದಮೇಲೂ ಮಾತು ಚುಚ್ಚಿತು.

"ಅಸಲಿ ನನ್ನ ಬಲ್ಲಿ ಅವ. ಮೂರು."

ಅವನು ಒಳಗಿನಿಂದ ಮೂರು ಪಿಟೀಲುಗಳನ್ನು ತಂದು ಜಮಖಾನೆಯ ಮೇಲೆ ಸಾಲಾಗಿಟ್ಟ. ಮಡೆಪ್ಪ ಬಗ್ಗಿ ಮೊದಲನೆಯದರಲ್ಲಿ ನೋಡಿದ. ಅಕ್ಷರ ಓದಲು ಬಾರದಿದ್ದರೂ ಇಷ್ಟು ದಿನ ನೋಡಿ ನೋಡಿ ಅವುಗಳ ಮುಖ ಪರಿಚಯವಾಗಿತ್ತು. ಎರಡನೆಯದರಲ್ಲಿ ನೋಡಿದ. ಮೂರನೆಯದರಲ್ಲಿ ನೋಡಿ ಅಲ್ಲೇ ಕೂತುಬಿಟ್ಟ.

"ಮೂರರಾಗೂ ಕರೀಮುನ್ನೀಸಾ ಇದ್ದಾಳ," ಅಂದ.

ಎಲ್ಲರೂ ಸರದಿಯಂತೆ ಇಣುಕಿದರು. ಅದೇ ಚೀಟಿ, ಅದೇ ಸಾಲುಗಳು, ಅದೇ ಹದಿನೇಳು, ಅದರ ಮುಂದೆ ಅದೇ ಖಾಲಿ.

"ಕರೀಮುನ್ನೀಸಾ ಯಾರು?" ಎಂದ ಸಲಾವೋದ್ದೀನ. "ಇದು ವಿಲಾಯತಿ ಉಸ್ತಾದನ ಹೆಸರು, ಅವನ ಊರು, ಹದಿನೇಳುನೂರರ ಇಸವಿ. ಅವ ಸತ್ತು ಭಾಳ ಕಾಲ ಆಯ್ತಂತ. ಬೊಂಬಾಯಿ ದುಕಾನದವ ಕಸಮ್ ಹಾಕಿ ಕೊಟ್ಟಾನ. ಆ ದುಕಾನಿನಾಗ ಗ್ವಾಡಿ ತುಂಬಾ ಇವೇ ತೂಗಹಾಕ್ಯಾರ, ಎಲ್ಲಾದ್ರಾಗೂ ಇದೇ ಚೀಟಿ."

"ನಿಮ್ಮದ್ರಾಗೂ ಅದೇ ಚೀಟಿ, ನಮ್ಮದ್ರಾಗೂ ಅದೇ ಚೀಟಿ," ಎಂದ ಮಡೆಪ್ಪ. "ನಿಮ್ಮದು ಅಸಲಿ, ನಮ್ಮದು ನಕಲಿ ಹ್ಯಾಂಗ?"

"ನಂದು ನಾ ಬಾರಸ್ತೇನಿ. ನಿಮ್ಮದು ಯಾರು ಬಾರಸ್ತಾರ?"

ಮಡೆಪ್ಪ ತನ್ನ ಕೈಗಳನ್ನು ನೋಡಿಕೊಂಡ. ಗುರುನಾಥರಾವ ಮಾತ್ರ, ಮೃತ್ಯುಪತ್ರದ ನಕಲುಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವ ಪದ್ಧತಿಯೂ ಉಂಟೆಂದು ಶುರುಮಾಡಿದರು. ಸುಂದರಬಾಯಿ ಅವರ ಕಡೆ ನೋಡದೆಯೇ ಕೈಯೆತ್ತಿ ತಡೆದಳು.

"ಬೆಂಕಿಪೆಟ್ಟಿಗಿ ಮ್ಯಾಲ ಹುಲಿ ಚಿತ್ರ ಇರ್ತದ," ಅಂದಳು. "ಒಳಗ ಹುಲಿ ಇರ್ತದೇನ್ರಿ ವಕೀಲಸಾಬ್ರೆ?"

ಆಮೇಲೆ ಮರಿಯಮಬೀಯ ಕಡೆ ತಿರುಗಿದಳು. "ಬೀಬಿ, ಬರೂ ಮುಂದ ಹಾದಿ ತುಂಬಾ ನಿಮ್ಮಕ್ಕಗ ಬೈದೀನಿ. ಮನಸಿಗಿ ಹಚ್ಕೋಬ್ಯಾಡ್ರಿ."

"ನಿಮ್ಮನಿಯವರಿಗಿ ನಾನೂ ಬೈದೀನಿ. ಮನಸಿನಾಗ ಬೈದೀನಿ, ಅದಕ್ಕ ನಿಮಗ ಕೇಳಿಲ್ಲ," ಎಂದಳು ಮರಿಯಮಬೀ.

"ಕಾಕು, ಮತ್ತ ಪುಣ್ಯತಿಥಿ?" ಎಂದು ಮಡೆಪ್ಪ ಮೆಲ್ಲಗೆ ಕೇಳಿದ.

"ಮಾಡದೆ ಬಿಡ್ತೀನೇನು? ಗಂಡ ಇದ್ದಾರ ಅವರು ನನಗ." ಹೀಗೆಂದು ಆಕೆ ಸೆರಗಿನಿಂದ ಮುಖವನ್ನು ಗಸಗಸ ಒರೆಸಿಕೊಂಡಳು. ಭಾಲ್ಕಿಗೆ ಬಂದಿಳಿದಾಗಿನಿಂದ ಮೊದಲ ಬಾರಿಗೆ ತಾನಾಗಿ ನೀರು ಕೇಳಿ ಕುಡಿದಳು. ಕುಡಿದ ಮೇಲೆ ಸಲಾವೋದ್ದೀನನಿಗೆ ಹೇಳಿದಳು: "ಇಷ್ಟು ದೂರ ಬಂದೀವಿ. ನಮ್ಮದು ಒಮ್ಮಿ ಬಾರಸಿ ತೋರಸ್ರಿ."

ಸಲಾವೋದ್ದೀನ ನಕಲಿಯನ್ನು ಮುಟ್ಟುವವನ ಹಾಗೆ ಎರಡು ಬೆರಳಲ್ಲಿ ಎತ್ತಿ, ತಂತಿಗಳನ್ನು ಬಿಗಿದು, ಗದ್ದಕ್ಕೆ ಆನಿಸಿಕೊಂಡ. ಅವನು ಎಷ್ಟೇ ಜಂಭದವನಾಗಲಿ, ಕೈ ದೊಡ್ಡ ಕೈ. ಕಮಾನು ತಾಗಿದ್ದೇ ತಡ, ಆ ಹಳೆಯ ಕಟ್ಟಿಗೆಯಿಂದ ಜೇನಿನಂಥ ನಾದ ಹೊರಟಿತು. ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಎದುರುಮನೆಯ ಕಿಟಕಿ ತೆರೆಯಿತು. ಕಸ್ತೂರಿಬಾಯಿ ಕಣ್ಣಿಗೆ ಸೆರಗು ಹಚ್ಚಿದಳು. ಢೋಲಕಿಗೆ ಎದ್ದುಹೋಗುತ್ತಿದ್ದ ಅಕ್ಕನ ತಂಗಿ ಮರಿಯಮಬೀ ಬೆರಳಿಂದ ಮೊಣಕಾಲ ಮೇಲೆ ತಾಳ ಹಾಕಿದಳು. ಮಡೆಪ್ಪನಂತೂ ತಾನೇ ಬಾರಿಸುತ್ತಿರುವವನಂತೆ ಎಲ್ಲರ ಮುಖ ನೋಡುತ್ತಿದ್ದ.

ಸುಂದರಬಾಯಿಯ ಹುಬ್ಬು ಮಾತ್ರ ಗಂಟಿಕ್ಕುತ್ತ ಹೋಯಿತು.

"ನಿಲ್ಲಸ್ರಿ," ಅಂದಳು. "ಇದು ನಮ್ಮದಲ್ಲ. ಎಲ್ಲೋ ಅದಲಬದಲ ಆಗ್ಯದ."

"ಅಲ್ಲ ಕಾಕು, ನನ್ನ ಕೈಯಾಗೇ ಇತ್ತಲ್ಲ."

"ಅವರು ಬಾರಿಸಿದ್ರ ಹೀಂಗ ಕೇಳ್ತಿರಲಿಲ್ಲ ಮಡೆಪ್ಪಾ."

"ಮತ್ತ ಹ್ಯಾಂಗ ಕೇಳ್ತಿತ್ತು?" ಎಂದ ಸಲಾವೋದ್ದೀನ. ತನಗಿಂತ ದೊಡ್ಡವನು ಡಾಬಕಾದಲ್ಲಿದ್ದನೆಂಬ ಮಾತನ್ನು ಅವನು ಸಹಿಸುವಂತಿರಲಿಲ್ಲ.

ಸುಂದರಬಾಯಿ ಹೇಗೆ ಹೇಳಬೇಕೆಂದು ಯೋಚಿಸಿದಳು. "ಅವರಿಗಿ ಯಾರೂ ಕಲಸಿರಲಿಲ್ರಿ. ಇದು ತಂದ ದಿನದಿಂದ ಅವರೇ ಬಾರಸ್ತಿದ್ರು. ಸಂಜಿಮುಂದ ಅವರು ಕಟ್ಟಿಮ್ಯಾಲ ಕುಂತ್ರ ಬಾಜೂಮನಿಯವರು ಬಾಗಲಾ ಹಾಕ್ಕೋತಿದ್ರು. ಎಮ್ಮಿ ಹಾಲು ಏರಿಸ್ಕೋತಿತ್ತು. ನಾ ಅಡಗಿಮನಿಂದ, ಸಾಕ್ರಿ, ಅಂತಿದ್ದೆ. ಆತು, ಇನ್ನೊಂದೇ, ಅಂತಿದ್ರು. ಆಮ್ಯಾಲ ಇನ್ನೊಂದು. ಆಮ್ಯಾಲ ಇನ್ನೊಂದು."

ಆಕೆ ಸಲಾವೋದ್ದೀನನ ಕೈಯಿಂದ ಪಿಟೀಲನ್ನೂ ಕಮಾನನ್ನೂ ಬಿಡಿಸಿ ಮಡೆಪ್ಪನ ಕೈಗೆ ಕೊಟ್ಟಳು.

"ನೀ ಬಾರಸು."

"ನನಗ ಬರಂಗಿಲ್ಲ ಕಾಕು."

"ಅದಕ್ಕೇ ನಿನಗ ಹೇಳ್ದೆ."

ಮಡೆಪ್ಪ ಹೆಂಡತಿಯ ಕಡೆ ನೋಡಿದ. ಕಸ್ತೂರಿಬಾಯಿ ಈ ಸಲ ಕೊನೆಯ ಮಾತನ್ನು ಸುಂದರಬಾಯಿಗೇ ಬಿಟ್ಟಳು. ಅವನು ಪಿಟೀಲನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಗರಗಸ ಎಳೆದಂತೆ ಕಮಾನು ಎಳೆದ. ಎಣ್ಣೆ ಕಾಣದ ಬಂಡಿಯ ಅಚ್ಚಿನ ನಡುವೆ ಬೆಕ್ಕು ಸಿಕ್ಕಿಬಿದ್ದಂಥ ಒಂದು ಸದ್ದು ಎದ್ದು, ಮಾಳಿಗೆಗೆ ಬಡಿದು, ಓಣಿಗೆ ಹೊರಟಿತು. ನಿಂತಿದ್ದವರು ಚದುರಿದರು. ಎದುರುಮನೆಯ ಕಿಟಕಿ ಮುಚ್ಚಿಕೊಂಡಿತು. ಮರಿಯಮಬೀ ಬುರ್ಖಾದ ಮೇಲಿಂದಲೇ ಎರಡೂ ಕಿವಿಗಳನ್ನು ಒತ್ತಿ ಹಿಡಿದಳು. ಸಲಾವೋದ್ದೀನ ತನ್ನ ಮೂರು ಪಿಟೀಲುಗಳನ್ನು ಎದೆಗವಚಿಕೊಂಡು ಗೋಡೆಯ ಕಡೆ ಸರಿದ.

ಸುಂದರಬಾಯಿ ಗೋಡೆಗೆ ಬೆನ್ನು ಆನಿಸಿ, ಕಾಲು ಚಾಚಿ, ಕಣ್ಣು ಮುಚ್ಚಿದಳು. ಹಣೆಯ ಗೆರೆಗಳು ಒಂದೊಂದಾಗಿ ಸಡಿಲಾದವು.

"ಹಾಂ," ಅಂದಳು. "ಅಸಲಿ ಅದ."

ಮಡೆಪ್ಪ ಬೆವತುಹೋಗಿದ್ದ. ಕೈ ಸೋತಿತ್ತು, ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. "ನಿಲ್ಲಸಲೇನು ಕಾಕು?" ಎಂದು ಕೇಳಿದ.

"ಯಾಕ ನಿಲ್ಲಸ್ತಿ?" ಸುಂದರಬಾಯಿ ಕಣ್ಣು ತೆರೆಯಲಿಲ್ಲ. "ಅವರು ದೀಪಾ ಹಚ್ಚೂತನಾ ಬಾರಸ್ತಿದ್ರು."

ಹೊರಗೆ ಚೌಬಾರಾದ ಮೇಲೆ ಇನ್ನೂ ನಡುಮಧ್ಯಾಹ್ನದ ಬಿಸಿಲು ಸುಡುತ್ತಿತ್ತು.